ಅಕ್ಷರದಿಂದ ಅಮೂರ್ತಕ್ಕೆ: ಗ್ರಾಫಿಟಿ ಪ್ರೇರಿತ ಜ್ಯಾಮಿತೀಯ ಚಿತ್ರ ರಚಿಸುವ ಬಗೆ

“ತ್ರಿಕೋನ, ಚೌಕ, ವೃತ್ತಗಳನ್ನೆಲ್ಲ ಜೋಡಿಸಿದ್ದೇನೆ. ಗಾಢ ಬಣ್ಣ ತುಂಬಿದ್ದೇನೆ. ಮೇಲೊಂದಿಷ್ಟು ಬಣ್ಣ ಚಿಮುಕಿಸಿಯೂ ನೋಡಿದ್ದೇನೆ. ಆದರೂ ಗ್ರಾಫಿಟಿಯ ಕಸುವು ಬರುತ್ತಿಲ್ಲ, ಏಕೆ?” ಚಿತ್ರ ಬರೆಯುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅವರು ತೋರಿಸುವ ಚಿತ್ರಗಳನ್ನು ನೋಡಿದಾಗ ಕಾರಣ ಬಹುತೇಕ ಒಂದೇ ಆಗಿರುತ್ತದೆ: ಚಿತ್ರದ ಬುಡದಲ್ಲಿ ಅಕ್ಷರವಿರುವುದಿಲ್ಲ.

ಊರಿನ ಗೋಡೆ, ರೈಲುಗಳ ಮೇಲೆ ಬರೆಯುವ ಗ್ರಾಫಿಟಿ ಬೆಳೆದದ್ದೇ ಹೆಸರು ಬರೆಯುವ ಹಟದಿಂದ. ನ್ಯೂಯಾರ್ಕ್ ನಗರದ ತುಂಬ ‘ಟಾಕಿ 183’ ಎಂದು ಬರೆಯುತ್ತಿದ್ದ ಹುಡುಗನ ಬಗ್ಗೆ 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿದ ಮೇಲೆ ಈ ಬರವಣಿಗೆ ಊರಿನ ಮಾತಾಯಿತು. ಓಡುವ ರೈಲಿನ ಮೇಲಿನ ಹೆಸರು ಕ್ಷಣಮಾತ್ರದಲ್ಲಿ ಕಣ್ಣಿಗೆ ಬೀಳಬೇಕಲ್ಲವೇ? ದಪ್ಪ ಹೊರಗೆರೆ, ಎದ್ದು ಕಾಣುವ ಬಣ್ಣ, ಮುಂದಕ್ಕೆ ನುಗ್ಗುವ ಓರೆಗಳಿಗೆ ಅಲ್ಲಿ ಕೆಲಸವಿತ್ತು. ಫೇಸ್ 2 ಎಂಬ ಕಲಾವಿದ ಅಕ್ಷರಗಳನ್ನು ಗುಳ್ಳೆಗಳ ಹಾಗೆ ಊದಿಸಿದ. ಮುಂದೆ ಬಂದ ‘ವೈಲ್ಡ್‌ಸ್ಟೈಲ್’ ಶೈಲಿ ಅಕ್ಷರಗಳನ್ನು ಒಂದರೊಳಗೊಂದು ಹೆಣೆದು, ಅವುಗಳಿಂದ ಬಾಣಗಳನ್ನು ಚಿಮ್ಮಿಸಿ, ಹೊರಗಿನವರು ಓದಲಾಗದಷ್ಟು ತೊಡಕಾಗಿಸಿತು. 1980ರಲ್ಲಿ ಫ್ಯೂಚುರಾ 2000 ಎಂಬಾತ ಒಂದಿಡೀ ರೈಲು ಬೋಗಿಯನ್ನು ಬಣ್ಣದ ಮೋಡಗಳಿಂದ, ಆಕಾರಗಳಿಂದ ತುಂಬಿ ಅಮೂರ್ತದತ್ತ ದಾರಿ ತೋರಿದ. ಹ್ಯಾಂಬರ್ಗ್‌ನ ಡೈಮ್, ಆಮ್‌ಸ್ಟರ್‌ಡ್ಯಾಮ್‌ನ ಡೆಲ್ಟಾ, ಲಾಸ್ ಏಂಜಲೀಸ್‌ನ ಅಗಸ್ಟಿನ್ ಕೋಫಿ ಈ ದಾರಿಯನ್ನು ತಮ್ಮ ತಮ್ಮ ರೀತಿಯಲ್ಲಿ ಮುಂದುವರಿಸಿದವರು. ಮೂವರ ಕೆಲಸವನ್ನೂ ಹುಡುಕಿ ನೋಡಿ. ಡೈಮ್‌ನಲ್ಲಿ ಬೆಳಕು, ಡೆಲ್ಟಾನಲ್ಲಿ ಕಟ್ಟಡದಂತಹ ಆಳ, ಕೋಫಿಯಲ್ಲಿ ನಕಾಶೆಯಂತಹ ಗೆರೆಯ ಶಿಸ್ತು ಎದ್ದು ಕಾಣುತ್ತವೆ. ಮೂವರೂ ಅಕ್ಷರ ಬರೆದು ಪಳಗಿದ ಕೈಗಳು.

ಆದ್ದರಿಂದ ಈ ಮಾರ್ಗದರ್ಶಿ ಅಕ್ಷರದಿಂದಲೇ ಶುರುವಾಗುತ್ತದೆ. ಚಿತ್ರ ಮುಗಿಯುವ ಹೊತ್ತಿಗೆ ಆ ಅಕ್ಷರ ಯಾರಿಗೂ ಕಾಣದಿರಬಹುದು, ಅಡ್ಡಿಯಿಲ್ಲ. ಅದರ ಎಲುಬು ಮಾತ್ರ ಒಳಗಿರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವುದೆಲ್ಲ ಕಾಗದ ಮತ್ತು ಪರದೆಯ ಕೆಲಸ. ಗೋಡೆಗೆ ಹೋಗುವ ಆಸೆಯಿದ್ದರೆ ಗೋಡೆಯ ಒಡೆಯರ ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಸ್ಪ್ರೇ ಬಣ್ಣ ಬಳಸುವಾಗ ಗಾಳಿಯಾಡುವ ಜಾಗ ಬೇಕು, ರಾಸಾಯನಿಕ ಆವಿಯನ್ನು ತಡೆಯುವ ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕು. ಬಟ್ಟೆಯ ಮಾಸ್ಕ್ ಆ ಆವಿಯನ್ನು ತಡೆಯುವುದಿಲ್ಲ.

ಏನೇನು ಬೇಕು

ಎ4 ಅಳತೆಯ ದಪ್ಪ ಕಾಗದ, ಪೆನ್ಸಿಲ್, ರಬ್ಬರ್, ಸ್ಕೇಲ್, ಮೂಲೆಮಟ್ಟ, ಕೈವಾರ, ನಾಲ್ಕಾರು ಹಾಳೆ ಟ್ರೇಸಿಂಗ್ ಪೇಪರ್. ಓರೆತುದಿಯ ಮಾರ್ಕರ್ ಒಂದು; ತುದಿ ಉಳಿಯಂತೆ ಚಪ್ಪಟೆಯಾಗಿರುವುದರಿಂದ ಹಿಡಿದ ಕೋನಕ್ಕೆ ತಕ್ಕಂತೆ ಗೆರೆ ದಪ್ಪವೋ ತೆಳುವೋ ಆಗುತ್ತದೆ. ಬಣ್ಣಕ್ಕೆ ಅಕ್ರಿಲಿಕ್ ಅಥವಾ ಪೋಸ್ಕಾದಂತಹ ಅಕ್ರಿಲಿಕ್ ಮಾರ್ಕರ್, ಅಂಚು ಹಿಡಿಯಲು ಮಾಸ್ಕಿಂಗ್ ಟೇಪ್. ಕಂಪ್ಯೂಟರಿನಲ್ಲಿ ಮುಗಿಸುವವರಿಗೆ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ತಂತ್ರಾಂಶ ಸಾಕು. ದುಬಾರಿ ಸಾಮಗ್ರಿ ಕೊಂಡರೆ ಚಿತ್ರ ಚೆನ್ನಾಗಿ ಬರುತ್ತದೆಂಬ ನಂಬಿಕೆ ಈ ಕೆಲಸದಲ್ಲಿ ಸುಳ್ಳು. ಮೊದಲ ನಾಲ್ಕು ಹಂತಗಳು ಪೆನ್ಸಿಲ್, ಮಾರ್ಕರ್‌ನಲ್ಲೇ ಮುಗಿಯುತ್ತವೆ, ಚಿತ್ರದ ಹಣೆಬರಹವೂ ಅಲ್ಲೇ ನಿರ್ಧಾರವಾಗುತ್ತದೆ.

1. ಒಂದು ಅಕ್ಷರವನ್ನು ಕೈಗೆ ಹತ್ತಿಸಿಕೊಳ್ಳಿ

ಒಂದೇ ಒಂದು ಅಕ್ಷರ ಆರಿಸಿಕೊಳ್ಳಿ. ಓರೆತುದಿಯ ಮಾರ್ಕರ್‌ನಿಂದ ಅದನ್ನು ಹಾಳೆಯ ತುಂಬ ಬರೆಯಿರಿ. ನಿಧಾನವಾಗಿ, ವೇಗವಾಗಿ, ಓರೆಯಾಗಿ, ಹಿಗ್ಗಿಸಿ, ಕುಗ್ಗಿಸಿ. ಬೆರಳು ಮಾತ್ರ ಆಡಿದರೆ ಸಾಲದು, ಮೊಣಕೈ ಮತ್ತು ಭುಜದಿಂದ ಗೆರೆ ಹೊರಡಲಿ. ಗ್ರಾಫಿಟಿ ಬರೆಯುವವರು ತಮ್ಮ ಹೆಸರಿನ ಸಹಿಯನ್ನು ‘ಟ್ಯಾಗ್’ ಎನ್ನುತ್ತಾರೆ. ಅದರಲ್ಲಿ ಪಳಗಿದ ಕೈಗೆ ಮಾತ್ರ ದೊಡ್ಡ ಚಿತ್ರ ಒಲಿಯುತ್ತದೆ ಎಂಬುದು ಅವರಲ್ಲಿ ಹಳೆಯ ನಂಬಿಕೆ, ನನಗೂ ಅದು ನಿಜವೆನಿಸಿದೆ.

ಕನ್ನಡ ಅಕ್ಷರವನ್ನೇ ಆರಿಸಿ ಎಂದು ಒತ್ತಿ ಹೇಳುತ್ತೇನೆ. ಗ್ರಾಫಿಟಿಯ ಬಹುಪಾಲು ಮಾದರಿಗಳು ಲ್ಯಾಟಿನ್ ಲಿಪಿಯವು, ನೇರ ಕಂಬಗಳಂತಹ ಅಕ್ಷರಗಳ ಮೇಲೆ ನಿಂತವು. ನಮ್ಮ ಲಿಪಿಯಲ್ಲಿ ದುಂಡು ಹೆಚ್ಚು. ಕಮಾನು, ಉಂಗುರ, ಕೊಂಡಿಗಳಿವೆ, ಮೇಲೆ ತಲೆಕಟ್ಟು, ಕೆಳಗೆ ನೇತಾಡುವ ಒತ್ತಕ್ಷರಗಳಿವೆ. ಈ ಆಕಾರಗಳಿಂದ ಹೊರಟ ಚಿತ್ರ ಬೇರೊಬ್ಬರ ಚಿತ್ರದ ನೆರಳಾಗುವ ಸಂಭವ ಕಡಿಮೆ. ಮೊದಲ ಸಲಕ್ಕೆ ಗ, ರ, ಲ, ವ ಇವುಗಳಲ್ಲಿ ಒಂದು ಸಾಕು. ಮುಂದಿನ ಹಂತಗಳಿಗೆ ‘ಗ’ ಅಕ್ಷರವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಹಾಳೆ ತುಂಬಿದ ಮೇಲೆ ದೂರ ನಿಂತು ನೋಡಿ. ಅಂದವಾದದ್ದನ್ನು ಹುಡುಕಬೇಡಿ, ಚುರುಕಾದದ್ದನ್ನು ಆರಿಸಿ.

2. ಗೆರೆಯನ್ನು ಪಟ್ಟಿಯಾಗಿಸಿ

ಈಗ ಆ ಚುರುಕನ್ನು ಅಳತೆಗೆ ತರಬೇಕು. ಅಕ್ಷರದ ಪ್ರತಿಯೊಂದು ಗೆರೆಯೂ ಸಮ ಅಗಲದ ಪಟ್ಟಿಯಾಗಲಿ. ‘ಗ’ಕ್ಕೆ ಪಟ್ಟಿಯ ಅಗಲ 2 ಸೆಂ.ಮೀ. ಎಂದುಕೊಳ್ಳೋಣ. ಒಂದೇ ಕೇಂದ್ರ ಹಿಡಿದು 2 ಸೆಂ.ಮೀ. ಮತ್ತು 4 ಸೆಂ.ಮೀ. ತ್ರಿಜ್ಯದ ಎರಡು ಅರ್ಧವೃತ್ತ ಎಳೆಯಿರಿ, ಕಮಾನು ಸಿದ್ಧ. ಅದರ ಎರಡು ತುದಿಗಳಿಂದ 4 ಸೆಂ.ಮೀ. ಉದ್ದದ ನೇರ ಕಾಲುಗಳನ್ನು ಕೆಳಗಿಳಿಸಿ. ಕಮಾನಿನ ನೆತ್ತಿಯ ಮೇಲೆ ಒಂದು ಅಡ್ಡಪಟ್ಟಿ ಇರಿಸಿ, ಅದರ ಬಲತುದಿ 45 ಡಿಗ್ರಿ ಓರೆಯಲ್ಲಿ ಮೇಲೇಳಲಿ. ಅದೇ ತಲೆಕಟ್ಟು.

ಹೊರ ತ್ರಿಜ್ಯದಿಂದ ಒಳ ತ್ರಿಜ್ಯ ಕಳೆದರೆ ಪಟ್ಟಿಯ ಅಗಲವೇ ಬರಬೇಕು. ಈ ಲೆಕ್ಕ ತಪ್ಪಿದಲ್ಲಿ ಬಾಗುವ ಜಾಗದಲ್ಲಿ ಪಟ್ಟಿ ದಪ್ಪಗೋ ಸಣ್ಣಗೋ ಆಗಿ ಇಡೀ ರಚನೆ ಸಡಿಲವಾಗುತ್ತದೆ.

ಕೋನಗಳಿಗೂ ಕಟ್ಟುಪಾಡು ಹಾಕಿಕೊಳ್ಳಿ. ಅಡ್ಡ, ಲಂಬದ ಜೊತೆಗೆ 45 ಡಿಗ್ರಿಯ ಓರೆ, ಇಲ್ಲವೇ 30 ಮತ್ತು 60ರ ಓರೆ. ಎರಡು ಗುಂಪನ್ನೂ ಒಂದೇ ಚಿತ್ರದಲ್ಲಿ ಬೆರೆಸಬೇಡಿ. ಆರಂಭದಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಕಣ್ಣಳತೆಯಲ್ಲಿ ಎಳೆದ 40, 45, 52 ಡಿಗ್ರಿಗಳ ಓರೆಗಳು ಒಟ್ಟಿಗೆ ಸೇರಿದಾಗ ಚಿತ್ರದಲ್ಲಿ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಮಾತ್ರ ಹೊಳೆಯುವುದಿಲ್ಲ.

3. ಅಕ್ಷರವನ್ನು ಒಡೆಯಿರಿ

ಅಮೂರ್ತ ಹುಟ್ಟುವ ಹಂತ ಇದು. ಅವಸರ ಮಾಡಬೇಡಿ. ಸಿದ್ಧವಾದ ಅಕ್ಷರವನ್ನು ಹಾಗೇ ಉಳಿಸಿಕೊಂಡು, ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಮುಂದಿನ ಉಪಾಯಗಳನ್ನು ಒಂದೊಂದಾಗಿ ಪ್ರಯತ್ನಿಸಿ. ಪ್ರತಿ ಪ್ರಯತ್ನಕ್ಕೂ ಹೊಸ ಹಾಳೆ ಇರಲಿ.

ಕತ್ತರಿಸಿ ಸರಿಸುವುದು: ಅಕ್ಷರದ ಮೇಲೆ ಹಾಳೆಯ ಅಂಚಿನಿಂದ ಅಂಚಿಗೆ ಒಂದು ಓರೆಗೆರೆ ಎಳೆಯಿರಿ. ಅದರ ಮೇಲಿನ ಭಾಗವನ್ನು ಅದೇ ಗೆರೆಯ ಗುಂಟ ಜಾರಿಸಿ. ಎಷ್ಟು ದೂರ? ಪಟ್ಟಿಯ ಅರ್ಧ ಅಗಲ ಅಥವಾ ಪೂರ್ಣ ಅಗಲ. ‘ಗ’ದಲ್ಲಿ 45 ಡಿಗ್ರಿಯ ಗೆರೆಯೊಂದು ಎಡಗಾಲಿನ ನಡುವಿನಿಂದ ಹೊರಟು ಕಮಾನಿನ ಬಲಭುಜವನ್ನು ಸೀಳಿದರೆ, ಮೇಲಿನ ತುಂಡು 2 ಸೆಂ.ಮೀ. ಜಾರಿದ ಕೂಡಲೇ ಕಮಾನು ಮೆಟ್ಟಿಲಾಗಿ ಮುರಿಯುತ್ತದೆ. ಸೀಳಿನ ಉದ್ದಕ್ಕೂ ಅಂಚುಗಳು ಒಂದಕ್ಕೊಂದು ಕೂಡಿಕೊಳ್ಳದೆ ನಿಲ್ಲುತ್ತವೆ. ಓದುವ ಕಣ್ಣಿಗೆ ಅಕ್ಷರ ಕಳೆದುಹೋಗುತ್ತದೆ, ಬಾಗಿನ ಬಿಗುವು ಉಳಿಯುತ್ತದೆ. ಬೇಕಿರುವುದೂ ಅಷ್ಟೇ.

ಚಾಚುವುದು: ಒಂದು ಕಾಲನ್ನೋ ತಲೆಕಟ್ಟಿನ ತುದಿಯನ್ನೋ ಹಾಳೆಯ ಅಂಚು ದಾಟುವಂತೆ ಬೆಳೆಸಿ. ಒಂದೆರಡು ಕಡೆ ಚಿತ್ರ ಅಂಚಿನಾಚೆ ಹೋದರೆ ಅದು ದೊಡ್ಡದರ ಒಂದು ತುಣುಕಿನಂತೆ ಕಾಣುತ್ತದೆ. ನಾಲ್ಕೂ ಕಡೆ ಖಾಲಿ ಬಿಟ್ಟು ನಡುವೆ ಕೂರಿಸಿದರೆ ಲಾಂಛನದಂತೆ ಕಾಣುತ್ತದೆ.

ಮರುಕಳಿಸುವುದು: ಕಮಾನಿನ ಹೊರಗೆ ಇನ್ನೂ ಎರಡು ಮೂರು ಏಕಕೇಂದ್ರ ಕಮಾನುಗಳು. ಅವು ತೆಳುವಾಗಿರಲಿ, ನಡುವಿನ ಅಂತರ ಹೊರಹೊರಗೆ ಹೋದಂತೆ ಹೆಚ್ಚಲಿ.

ಬಾಣ: ವೈಲ್ಡ್‌ಸ್ಟೈಲ್‌ನ ಬಾಣಗಳು ಬರಿಯ ಅಲಂಕಾರವಲ್ಲ, ಕಣ್ಣು ಎತ್ತ ಹರಿಯಬೇಕೆಂದು ಹೇಳುತ್ತವೆ. ಜ್ಯಾಮಿತೀಯ ಚಿತ್ರದಲ್ಲಿ ಅವನ್ನು ಬರಿಯ ಚೂಪು ತ್ರಿಕೋನಗಳಾಗಿ ಇಳಿಸಿಕೊಳ್ಳಿ. ಎರಡು, ಹೆಚ್ಚೆಂದರೆ ಮೂರು. ಎಲ್ಲ ದಿಕ್ಕಿಗೂ ಬಾಣವಿದ್ದರೆ ಯಾವ ದಿಕ್ಕೂ ಇಲ್ಲದಂತೆ.

ಈ ಹಂತದ ದೊಡ್ಡ ಅಪಾಯ ಸಮಾನತೆ. ತುಂಡುಗಳೆಲ್ಲ ಒಂದೇ ಗಾತ್ರಕ್ಕೆ ಬಂದರೆ ಚಿತ್ರ ನೆಲಕ್ಕೆ ಹಾಸಿದ ಟೈಲ್ಸ್‌ನಂತಾಗುತ್ತದೆ. ದೊಡ್ಡ ಆಕಾರ ಒಂದು, ಮಧ್ಯಮ ಗಾತ್ರದವು ಕೆಲವು, ಸಣ್ಣವು ಒಂದು ಮೂಲೆಯಲ್ಲಿ ಗುಂಪುಗೂಡಿದ ಹಲವು, ಹೀಗಿರಲಿ. ಖಾಲಿ ಜಾಗವೂ ಆಕಾರವೇ. ‘ಗ’ದ ಎರಡು ಕಾಲುಗಳ ನಡುವಿನ ಬಿಡುವನ್ನು ಬಹಳಷ್ಟು ಜನ ಕೈಬೀಸಿ ತುಂಬಿಬಿಡುತ್ತಾರೆ. ಅದನ್ನು ಉಳಿಸಿ ನೋಡಿ.

4. ಹೆಣೆಯಿರಿ

ಸರಿಸಿದ, ಚಾಚಿದ ಪಟ್ಟಿಗಳು ಈಗ ಒಂದನ್ನೊಂದು ಹಾಯುತ್ತವೆ. ಹಾಯುವ ಪ್ರತಿ ಜಾಗದಲ್ಲೂ ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸಿ. ಒಂದೇ ಪಟ್ಟಿ ಒಮ್ಮೆ ಮೇಲೆ ಬಂದರೆ ಮುಂದಿನ ಕಡೆ ಕೆಳಗೆ ಹೋಗಲಿ, ಆಗ ಹೆಣಿಗೆ ಬಿಗಿಯುತ್ತದೆ. ಕೆಳಗೆ ಹೋಗುವ ಪಟ್ಟಿಯನ್ನು ಮೇಲಿನದರ ಅಂಚಿಗಿಂತ 1 ಅಥವಾ 2 ಮಿ.ಮೀ. ಮೊದಲೇ ನಿಲ್ಲಿಸಿದರೆ ಆಳ ಇನ್ನೂ ಸ್ಪಷ್ಟ. ಮತ್ತೊಂದು ದಾರಿ, ಎರಡೂ ಪಾರದರ್ಶಕ ಎಂದುಕೊಂಡು ಹಾಯುವ ಜಾಗಕ್ಕೆ ಮೂರನೆಯ ಬಣ್ಣ ಕೊಡುವುದು. ಎರಡೂ ಚೆಂದವೇ.

ಅಂತಿಮ ಗೆರೆಗಳನ್ನು ಹೊಸ ಹಾಳೆಗೆ ಇಳಿಸಿಕೊಂಡು, ಹಾಳೆಯನ್ನು ತಲೆಕೆಳಗು ಮಾಡಿ ನೋಡಿ. ಒಂದು ಬದಿಗೆ ವಾಲಿದ್ದರೆ, ಎಲ್ಲೋ ಕಿಕ್ಕಿರಿದಿದ್ದರೆ ಆಗ ಥಟ್ಟನೆ ತಿಳಿಯುತ್ತದೆ.

5. ಆಳ ಕೊಡಿ

ಗ್ರಾಫಿಟಿಯಲ್ಲಿ ಇದನ್ನು ‘ತ್ರೀಡಿ’ ಎಂದೇ ಕರೆಯುತ್ತಾರೆ. ಆಕಾರಕ್ಕೆ ದಪ್ಪವಿದ್ದಂತೆ, ಗೋಡೆಯಿಂದ ಹೊರಕ್ಕೆ ಎದ್ದಂತೆ ತೋರಿಸುವುದು. ವಿಧಾನ ಸರಳ. ಒಂದು ದಿಕ್ಕು ಆರಿಸಿ, ಕೆಳಗೆ ಬಲಕ್ಕೆ 45 ಡಿಗ್ರಿ ಎಂದುಕೊಳ್ಳಿ. ಉದ್ದ 1 ಸೆಂ.ಮೀ. ಪ್ರತಿ ಮೂಲೆಯಿಂದ ಅದೇ ದಿಕ್ಕಿಗೆ, ಅದೇ ಉದ್ದದ ಗೆರೆ ಎಳೆದು ತುದಿಗಳನ್ನು ಕೂಡಿಸಿ. ಆಕಾರದ ಹಿಂದೆ ಮರೆಯಾಗುವ ಗೆರೆಗಳನ್ನು ಅಳಿಸಿ.

ಬಾಗಿದ ಅಂಚಿಗೆ ಮೂಲೆಯೇ ಇಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಅಲ್ಲಿ ಕೈವಾರದ ಮುಳ್ಳನ್ನು ಮೂಲ ಕೇಂದ್ರದಿಂದ ಅದೇ ದಿಕ್ಕಿಗೆ 1 ಸೆಂ.ಮೀ. ಸರಿಸಿ, ಅದೇ ತ್ರಿಜ್ಯದ ಕಮಾನನ್ನು ಇನ್ನೊಮ್ಮೆ ಎಳೆಯಿರಿ. ಎರಡು ಕಮಾನುಗಳನ್ನೂ ಅಂಚಿನಲ್ಲಿ ಮಾತ್ರ ತಾಗುವಂತೆ ಓರೆಗೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದರೆ ದಪ್ಪ ಪೂರ್ಣವಾಗುತ್ತದೆ. ಕಷ್ಟವೆನಿಸಿದರೆ ಟ್ರೇಸಿಂಗ್ ಪೇಪರಿನ ಮೇಲೆ ಇಡೀ ಆಕಾರವನ್ನು ತೆಗೆದು, ಹಾಳೆಯನ್ನೇ 1 ಸೆಂ.ಮೀ. ಜಾರಿಸಿ ನಕಲು ಮಾಡಿ.

ಎಚ್ಚರಿಕೆ: ಒಂದೊಂದು ತುಂಡಿಗೆ ಒಂದೊಂದು ದಿಕ್ಕು ಕೊಟ್ಟರೆ ಭ್ರಮೆ ಒಡೆಯುತ್ತದೆ. ಎಲ್ಲ ಆಕಾರಗಳಿಗೂ ಆಳ ಕೊಡುವುದೂ ಬೇಡ. ದೊಡ್ಡದಕ್ಕೆ ಕೊಟ್ಟು ಉಳಿದವನ್ನು ಚಪ್ಪಟೆಯಾಗಿ ಬಿಟ್ಟರೆ ಅದು ಮುಂದೆ ಬರುತ್ತದೆ.

6. ಮೊದಲು ಬೂದು, ಆಮೇಲೆ ಬಣ್ಣ

ಬಣ್ಣದ ಡಬ್ಬಿ ತೆರೆಯುವ ಮೊದಲು, ಅಂಗೈಯಗಲದ ಪುಟ್ಟ ನಕಲೊಂದಕ್ಕೆ ಮೂರೇ ಛಾಯೆ ತುಂಬಿ: ಕಪ್ಪು, ನಡುಬೂದು, ಕಾಗದದ ಬಿಳಿ. ಮೂರರಲ್ಲಿ ಒಂದು ಛಾಯೆ ಚಿತ್ರದ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯಲಿ. ಈ ನಕಲು ಕಪ್ಪುಬಿಳುಪಿನಲ್ಲಿ ಸಪ್ಪೆಯಾಗಿದ್ದರೆ ಯಾವ ಬಣ್ಣವೂ ಅದನ್ನು ಉಳಿಸಲಾರದು. ಮೂರನೆಯ ಹಂತಕ್ಕೆ ಹಿಂದಿರುಗುವುದೇ ಲೇಸು.

ಗ್ರಾಫಿಟಿ ಎಂದರೆ ಕಾಮನಬಿಲ್ಲಿನ ಎಲ್ಲ ಬಣ್ಣವೂ ಇರಬೇಕೆಂಬ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಒಳ್ಳೆಯ ರಚನೆಗಳು ಹಾಳಾಗಿವೆ. ನಾಲ್ಕು ಬಣ್ಣ ಮತ್ತೊಂದು ಚುಕ್ಕಿ ಸಾಕು. ಒಂದು ಪ್ರಯತ್ನಿಸಬಹುದಾದ ಜೋಡಣೆ: ಕಡುನೀಲಿ ಗಾಢ ಭಾಗಗಳಿಗೆ, ಕೆನೆಬಣ್ಣ ಬೆಳಕಿಗೆ, ಇಟ್ಟಿಗೆ ಕೆಂಪು ಮತ್ತು ಹಸಿರುನೀಲಿ ನಡುಛಾಯೆಗೆ. ನಿಂಬೆ ಹಳದಿ ಒಂದೆರಡು ಚೂಪು ತುದಿಗಳಲ್ಲಿ ಮಾತ್ರ, ನೋಡುವವರ ಕಣ್ಣು ಮೊದಲು ಎಲ್ಲಿ ನಿಲ್ಲಬೇಕೋ ಅಲ್ಲಿ. ಬಣ್ಣ ಹಾಕಿದ ಚಿತ್ರದ ಫೋಟೊ ತೆಗೆದು ಮೊಬೈಲಿನಲ್ಲೇ ಕಪ್ಪುಬಿಳುಪಾಗಿಸಿ ನೋಡಿ. ಅಕ್ಕಪಕ್ಕದ ಕೆಂಪು ಮತ್ತು ಹಸಿರುನೀಲಿ ಒಂದೇ ಬೂದಾಗಿ ಕರಗಿದರೆ ಒಂದನ್ನು ತಿಳಿಯಾಗಿಸಿ.

ಆಕಾರದ ಒಳಗೆ ಬಣ್ಣ ತುಂಬುವುದಕ್ಕೆ ‘ಫಿಲ್’ ಎನ್ನುತ್ತಾರೆ. ಎಲ್ಲವನ್ನೂ ಸಪಾಟಾಗಿ ತುಂಬಬೇಕಿಲ್ಲ. ಒಂದು ತುಂಡಿನಲ್ಲಿ ಗಾಢದಿಂದ ತಿಳಿಗೆ ಇಳಿಯುವ ಬಣ್ಣ, ಇನ್ನೊಂದರಲ್ಲಿ ಸಮಾಂತರ ಗೆರೆಗಳು, ಮತ್ತೊಂದರಲ್ಲಿ ಚುಕ್ಕಿ. ಆದರೆ ಪಕ್ಕಪಕ್ಕದ ಎರಡು ತುಂಡುಗಳಲ್ಲಿ ಒಂದಾದರೂ ಸಪಾಟಾಗಿರಲಿ.

ಹೊರಗೆರೆ ಕೊನೆಗೆ ಬರಲಿ. ಎಲ್ಲ ಕಡೆ ಒಂದೇ ದಪ್ಪ, ಕೈ ನಡುಗದಂತೆ ಒಂದೇ ಎಳೆತ. ಬೇಕಿದ್ದರೆ ಅದರ ಹೊರಗೆ ತಿಳಿಬಣ್ಣದ ಎರಡನೆಯ ಗೆರೆ. ಗದ್ದಲದ ಹಿನ್ನೆಲೆಯಿಂದ ಆಕಾರವನ್ನು ಬಿಡಿಸಿ ತೋರಿಸಲು ಗೋಡೆಯ ಕಲಾವಿದರು ಬಳಸುವ ಉಪಾಯವದು. ಹೊರಗೆರೆಯೇ ಇಲ್ಲದೆ ಬರಿಯ ನೆರಳು ಬೆಳಕಿನಿಂದ ಅಂಚು ತೋರಿಸುವ ಡೈಮ್‌ನ ದಾರಿಯೂ ಇದೆ. ಬೆಳಕು ಎಲ್ಲಿಂದ ಬರುತ್ತಿದೆಯೆಂಬುದು ಮನಸ್ಸಿನಲ್ಲಿ ಖಚಿತವಾಗಿದ್ದವರಿಗೆ ಮಾತ್ರ ಅದು ದಕ್ಕುತ್ತದೆ.

ಟೇಪ್ ಬಳಸುವವರಿಗೆ ಒಂದು ಕಿವಿಮಾತು. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ, ಮೊದಲು ಕೆಳಗಿರುವ ಬಣ್ಣವನ್ನೇ ಆ ಅಂಚಿಗೆ ತೆಳುವಾಗಿ ಬಳಿಯಿರಿ. ನುಸುಳುವುದಿದ್ದರೆ ಆ ಬಣ್ಣವೇ ನುಸುಳಿ ಸಂದು ಮುಚ್ಚುತ್ತದೆ. ಅದು ಒಣಗಿದ ಮೇಲೆ ಹೊಸ ಬಣ್ಣ ಹಚ್ಚಿ. ಹೊಸ ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆದರೆ ಅಂಚು ಗಾಜಿನಂತೆ ಬರುತ್ತದೆ.

7. ಬೀದಿಯ ಗುರುತುಗಳು, ಹಿತಮಿತವಾಗಿ

ಸೋರಿದ ಬಣ್ಣದ ಎಳೆ, ಸ್ಪ್ರೇಯ ಮಸುಕು ಅಂಚು, ಹನಿಗಳು. ಇವು ಇಲ್ಲದಿದ್ದರೂ ಚಿತ್ರ ನಿಲ್ಲುವಂತಿರಬೇಕು. ಇದ್ದರೆ ಕಾರಣವಿರಬೇಕು. ಬಣ್ಣ ಹೆಚ್ಚಾಗಿ ಶೇಖರವಾದ ಕಡೆಯಿಂದ, ನೇರ ಕೆಳಮುಖವಾಗಿ ಮಾತ್ರ ಸೋರುತ್ತದೆ. ಅಡ್ಡಕ್ಕೆ ಸೋರಿದ ಎಳೆಯನ್ನು ಕಂಡರೆ ಚಿತ್ರ ಬರೆದವರು ಗೋಡೆಯನ್ನು ಗಮನಿಸಿಲ್ಲವೆಂದು ತಿಳಿಯುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಹನಿ ಚಿಮುಕಿಸುವಾಗ ಬೇಡದ ಜಾಗಕ್ಕೆ ಕಾಗದ ಮುಚ್ಚಿಕೊಳ್ಳಿ. ನಿಖರ ಅಂಚಿನ ಒಂದು ಆಕಾರದ ಒಳಗೆ ಮಾತ್ರ ಹನಿಗಳನ್ನು ಹಿಡಿದಿಟ್ಟರೆ, ಶಿಸ್ತು ಮತ್ತು ಬಿಡುಬೀಸು ಎರಡೂ ಒಂದೇ ಚೌಕಟ್ಟಿನಲ್ಲಿ ಎದುರಾಗುತ್ತವೆ. ನನಗೆ ಈ ಬಗೆಯ ಚಿತ್ರಗಳಲ್ಲಿ ಅತ್ಯಂತ ಇಷ್ಟವಾಗುವುದು ಆ ಒಂದು ಜಾಗ.

8. ಕಂಪ್ಯೂಟರಿಗೆ ಒಯ್ಯುವವರಿಗೆ

ಪೆನ್ಸಿಲ್ ರಚನೆಯನ್ನು ನೇರ ಮೇಲಿನಿಂದ ಫೋಟೊ ತೆಗೆದು ಇಂಕ್‌ಸ್ಕೇಪ್‌ನಲ್ಲಿ ಕೆಳಗಿನ ಲೇಯರ್ ಆಗಿಟ್ಟು, ಮೇಲೆ ಹೊಸದಾಗಿ ಗೆರೆ ಎಳೆಯಿರಿ. ಚಿತ್ರವನ್ನು ತಾನಾಗಿ ಗೆರೆಯಾಗಿಸುವ ಸೌಲಭ್ಯವಿದೆ, ಈ ಕೆಲಸಕ್ಕೆ ಅದು ಬೇಡ. ನಾಲ್ಕು ಬಿಂದು ಸಾಕಾಗುವ ಕಡೆ ನೂರಾರು ಬಿಂದುಗಳನ್ನು ಸುರಿದು ನೇರ ಗೆರೆಯನ್ನೂ ಅಲುಗಿಸುತ್ತದೆ. ಸ್ನ್ಯಾಪಿಂಗ್, ಅಂದರೆ ಬಿಂದುಗಳು ಒಂದಕ್ಕೊಂದು ತಾನಾಗಿ ಅಂಟಿಕೊಳ್ಳುವ ವ್ಯವಸ್ಥೆ, ಚಾಲೂ ಇರಲಿ. 30 ಡಿಗ್ರಿಯ ಓರೆ ಆರಿಸಿಕೊಂಡವರಿಗೆ ಆಕ್ಸೊನೊಮೆಟ್ರಿಕ್ ಗ್ರಿಡ್ ಎಂಬ ಓರೆಜಾಲರಿ ಸಿದ್ಧವಾಗಿಯೇ ಸಿಗುತ್ತದೆ.

ಮೂರನೆಯ ಹಂತದ ಕತ್ತರಿಸುವಿಕೆಗೆ ಇಲ್ಲಿ ಸಮನಾದ ಸಾಧನಗಳಿವೆ. ಯೂನಿಯನ್ ಎರಡು ಆಕಾರಗಳನ್ನು ಬೆಸೆಯುತ್ತದೆ, ಡಿಫರೆನ್ಸ್ ಒಂದರಿಂದ ಇನ್ನೊಂದನ್ನು ಕೊರೆದು ತೆಗೆಯುತ್ತದೆ, ಇಂಟರ್‌ಸೆಕ್ಷನ್ ಎರಡೂ ಹಾಯುವ ಭಾಗವನ್ನಷ್ಟೇ ಉಳಿಸುತ್ತದೆ, ಡಿವಿಷನ್ ತುಂಡರಿಸುತ್ತದೆ. ಇವು ಮೂಲ ಆಕಾರವನ್ನು ನುಂಗಿಬಿಡುತ್ತವೆ, ಆದ್ದರಿಂದ ಪ್ರತಿ ಸಲವೂ ಮೊದಲು ನಕಲೊಂದನ್ನು ಬೇರೆ ಲೇಯರಿನಲ್ಲಿ ಅಡಗಿಸಿಡಿ.

ಪಕ್ಕಪಕ್ಕದ ಎರಡು ಆಕಾರಗಳು ಸರಿಯಾಗಿ ಕೂಡಿದ್ದರೂ ನಡುವೆ ಕೂದಲೆಳೆಯಷ್ಟು ಬಿಳಿಗೆರೆ ಕಾಣುವುದು ಸಾಮಾನ್ಯ ದೂರು. ಅಂಚುಗಳನ್ನು ನಯವಾಗಿಸಲು ತಂತ್ರಾಂಶ ಎರಡೂ ಅಂಚುಗಳನ್ನು ಹಿನ್ನೆಲೆಯೊಂದಿಗೆ ಬೆರೆಸುವುದರಿಂದ ಹಾಗಾಗುತ್ತದೆ. ಕೆಳಗಿನ ಆಕಾರವನ್ನು ಮೇಲಿನದರ ಅಡಿಗೆ ಸ್ವಲ್ಪ ಚಾಚಿದರೆ ಗೆರೆ ಮಾಯ.

ಮೂಲವನ್ನು ಎಸ್‌ವಿಜಿ ರೂಪದಲ್ಲಿ ಉಳಿಸಿ. ಅದು ವೆಕ್ಟರ್, ಅಂದರೆ ಲೆಕ್ಕದಲ್ಲಿ ಬರೆದಿಟ್ಟ ಗೆರೆ, ಎಷ್ಟು ಹಿಗ್ಗಿಸಿದರೂ ಮಸುಕಾಗದು. ಪರದೆಗೆ ಪಿಎನ್‌ಜಿ, ಮುದ್ರಣಕ್ಕೆ ಪಿಡಿಎಫ್. ಎ4 ಅಳತೆಗೆ ಅಂಗುಲಕ್ಕೆ 300 ಚುಕ್ಕಿಗಳ ಲೆಕ್ಕದಲ್ಲಿ 2480 × 3508 ಪಿಕ್ಸೆಲ್ ಬೇಕಾಗುತ್ತದೆ. ಅಂಚು ದಾಟುವ ಆಕಾರಗಳಿದ್ದರೆ ಸುತ್ತಲೂ 3 ಮಿ.ಮೀ. ಹೆಚ್ಚುವರಿ ಬಿಡಿ, ಕತ್ತರಿಸುವಾಗ ಬಿಳಿ ಪಟ್ಟಿ ಉಳಿಯುವುದಿಲ್ಲ. ಪರದೆಯಲ್ಲಿ ಹೊಳೆಯುವ ನಿಯಾನ್ ಹಸಿರು, ನಿಯಾನ್ ಗುಲಾಬಿಗಳು ಸಾಮಾನ್ಯ ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತವೆ. ಮುದ್ರಿಸುವ ಉದ್ದೇಶವಿದ್ದರೆ ಆರಂಭದಲ್ಲೇ ಅವನ್ನು ಕೈಬಿಡಿ, ಇಲ್ಲವೇ ಒಂದು ಪ್ರತಿ ಪರೀಕ್ಷೆಗೆ ಮುದ್ರಿಸಿ ನೋಡಿ.

ಬೇರೊಬ್ಬರ ಕೆಲಸದ ವಿಷಯ

ಗೋಡೆಯ ಮೇಲಿದೆ ಎಂದ ಮಾತ್ರಕ್ಕೆ ಅದು ಯಾರದೂ ಅಲ್ಲ ಎಂದಾಗುವುದಿಲ್ಲ. ಬೇರೊಬ್ಬರ ಟ್ಯಾಗನ್ನು ನಿಮ್ಮ ಚಿತ್ರದೊಳಗೆ ಸೇರಿಸಬೇಡಿ, ಗೋಡೆಚಿತ್ರದ ಫೋಟೊ ಇಟ್ಟುಕೊಂಡು ಗೆರೆಗೆ ಗೆರೆ ನಕಲು ಮಾಡಬೇಡಿ. ಕಲಿಯಲು ನಕಲು ಮಾಡಿದ್ದನ್ನು ನಿಮ್ಮ ಹಾಳೆಯಲ್ಲೇ ಇರಿಸಿಕೊಳ್ಳಿ, ಮಾರಾಟಕ್ಕಿಡಬೇಡಿ. ಬದಲಿಗೆ ಕಟ್ಟುಪಾಡುಗಳನ್ನು ಕಲಿಯಿರಿ: ಈತ ಎಷ್ಟು ಕೋನ ಬಳಸಿದ್ದಾನೆ, ಆಳ ಯಾವ ದಿಕ್ಕಿಗಿದೆ, ಬಣ್ಣಗಳೆಷ್ಟು, ಖಾಲಿ ಜಾಗ ಎಲ್ಲಿದೆ. ಇಷ್ಟನ್ನು ಬರೆದಿಟ್ಟುಕೊಂಡು, ಚಿತ್ರವನ್ನು ಮುಚ್ಚಿಟ್ಟು, ನಿಮ್ಮ ಅಕ್ಷರದಿಂದ ಆರಂಭಿಸಿ.

ಚಿತ್ರ ಮುಗಿಯಿತೋ ಇಲ್ಲವೋ ಎಂಬ ಅನುಮಾನವಿದ್ದರೆ ಗೋಡೆಗೆ ಅಂಟಿಸಿ ಮೂರು ಮೀಟರ್ ದೂರದಿಂದ ನೋಡಿ. ಮೊದಲು ಕಾಣಬೇಕಾದ ಆಕಾರ ಮೊದಲು ಕಂಡರೆ ಅಲ್ಲಿಗೆ ನಿಲ್ಲಿಸಿ. ಕಾಣದಿದ್ದರೆ ಏನನ್ನೂ ಸೇರಿಸಬೇಡಿ, ಅದರ ಸುತ್ತಲಿನ ಸಣ್ಣ ತುಂಡುಗಳಲ್ಲಿ ಒಂದೆರಡನ್ನು ಹಿನ್ನೆಲೆಯ ಬಣ್ಣದಿಂದ ಮುಚ್ಚಿ ಮತ್ತೆ ನೋಡಿ.